ಸದ್ದು ಮಾಡುವ ಕೆರಿಸ್

"ಎಷ್ಟು ಬಂತು?" ಅಂದರು ಅತೋಕ್.

ಸಲ್ಬಿಯಾ ಮತ್ತೊಮ್ಮೆ ಬೆರಳಿಟ್ಟು ಎಣಿಸಿದಳು. ಬಾಳೆ ಎಲೆಯ ದಂಟನ್ನು ಸೀಳಿ, ಅಡುಗೆಮನೆಯ ಚಾಕುವಿನಲ್ಲಿ ಕೆತ್ತಿ ಬೆಳಗಿನಿಂದ ಅವಳು ಮಾಡಿದ್ದ ಆಟದ ಕೆರಿಸ್ ಅದು, ಮಲಯ ಮನೆತನಗಳವರು ಇಟ್ಟುಕೊಳ್ಳುವ ಕಠಾರಿ. ಅಲಗು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತ ತುದಿಯಲ್ಲಿ ಚೂಪಾಗಿತ್ತು. ಅಂಚಿನಲ್ಲಿ ಇನ್ನೂ ನೀರು ಜಿನುಗುತ್ತಿತ್ತು.

"ಎಂಟು," ಅಂದಳು, ಅರ್ಧ ದನಿಯಲ್ಲಿ.

ಮೆಟ್ಟಿಲ ಮೇಲೆ ಕೂತಿದ್ದ ಅತೋಕ್ ಮಹಾದಿ ಹಿಂದಕ್ಕೆ ವಾಲಿ ನಕ್ಕರು. ಅವರು ಸಲ್ಬಿಯಾಳ ಅಜ್ಜಿಯ ತಮ್ಮ; ಎಲ್ಲರಿಗೂ ಅತೋಕ್, ಅಂದರೆ ಅಜ್ಜ. ಬಾಯಲ್ಲಿ ಉಳಿದಿದ್ದ ನಾಲ್ಕಾರು ಹಲ್ಲುಗಳೂ ಎಲೆಯಡಿಕೆಗೆ ಕೆಂಪಾಗಿದ್ದವು. "ಎಂಟು ಬಳುಕಿನ ಕೆರಿಸ್ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ ಮಗಳೇ. ಮೂರು, ಐದು, ಏಳು, ಒಂಬತ್ತು, ಹಿಂಗೇ ಹೋಗ್ತದೆ. ಸಮಸಂಖ್ಯೆ ಬಂತು ಅಂದ್ರೆ ತಪ್ಪು ಕಮ್ಮಾರಂದಲ್ಲ, ಎಣಿಸಿದೋಳ್ದು. ಎಲ್ಲಿಂದ ಶುರು ಮಾಡ್ದೆ?"

"ತುದಿಯಿಂದ."

"ಬುಡದಿಂದ ಮಾಡು. ಅಲ್ಲಿ ಕೊಕ್ಕೆ ಹಂಗೆ ಚಾಚಿರೋ ಆನೆಸೊಂಡಿಲ ಪಕ್ಕದಲ್ಲೇ ಮೊದಲ್ನೇ ಬಳುಕು ಅಡಗಿ ಕೂತಿರ್ತದೆ. ಮನೆಗೆ ನಾಲ್ಕು ಜನ ಬಂದಾಗ ನೀನು ಕದದ ಹಿಂದೆ ನಿಲ್ತೀಯಲ್ಲ, ಹಂಗೆ. ಇದ್ರೂ ಇಲ್ಲ ಅನ್ನೋ ಥರ."

ಅವಳು ಬುಡದಿಂದ ಎಣಿಸಿದಳು. ಒಂಬತ್ತು ಬಂತು. ಕೆನ್ನೆ ಬಿಸಿಯಾಯಿತು. ಅತೋಕ್ ಕೈ ಚಾಚಿದರು. ಆದರೆ ಅವರ ಕೈ ದಂಟಿನಿಂದ ಒಂದು ಗೇಣು ಆಚೆಗೆ ಹೋಗಿ ಗಾಳಿಯನ್ನು ಹಿಡಿಯಿತು. ಸಲ್ಬಿಯಾ ದಂಟನ್ನು ಆ ಕೈಗೇ ತಂದಿಟ್ಟಳು. ಅವರು ಹೆಬ್ಬೆರಳಿನಿಂದ ಅಂಚನ್ನು ಸವರಿ, "ಮೂರನೇದು ಸ್ವಲ್ಪ ಕುಡಿದು ತೂರಾಡ್ತಿದೆ. ಉಳಿದದ್ದು ಅಡ್ಡಿಯಿಲ್ಲ," ಅಂದು ಪಕ್ಕಕ್ಕಿಟ್ಟರು. ಮೆಟ್ಟಿಲ ಕೆಳಗೆ ಕಾದಿದ್ದ ಆಡು ಕತ್ತು ಚಾಚಿ ಅದನ್ನು ಎಳೆದುಕೊಂಡಿತು. ಸಲ್ಬಿಯಾ ಈವರೆಗೆ ಕೆತ್ತಿದ ಕೆರಿಸ್‌ಗಳೆಲ್ಲ ಆ ಆಡಿನ ಹೊಟ್ಟೆಯಲ್ಲೇ ಇದ್ದವು.

ತಾಯಿ ಹಾಸಿಗೆ ಹಿಡಿದ ವರ್ಷ ಸಲ್ಬಿಯಾ ಶಾಲೆ ಬಿಟ್ಟವಳು. ತಾಯಿ ಹೋದ ಮೇಲೆ ದೊಡ್ಡಮ್ಮ ಮಕ್ ಲಾಂಗ್ ಹೆಂದೋನ್‌ಳ ಕಂಬಗಳ ಮೇಲೆ ನಿಂತ ಈ ಮರದ ಮನೆಗೆ ಬಂದಳು. ಮಾತು ಕಡಿಮೆ, ನೋಟ ಹೆಚ್ಚು. ಕಳೆದ ರಂಜಾನ್ ಹಬ್ಬ ಮುಗಿದ ಮೇಲೆ ಒಂದು ದಿನ ಅತೋಕ್ ತಮ್ಮ ಬಿಸ್ಕತ್ತಿನ ಡಬ್ಬಿಯನ್ನು ಅವಳ ಮುಂದೆ ಸುರಿದಿದ್ದರು. ಹಿಡಿಯಿಲ್ಲದ, ಒರೆಯಿಲ್ಲದ ಹಳೇ ಅಲಗುಗಳು. ಹೆಸರು ಹೇಳುತ್ತಿರಲಿಲ್ಲ. ಒಂದೊಂದಾಗಿ ಕೈಗೆ ಕೊಟ್ಟು, "ಇದು ಮೊನ್ನೆ ನೋಡಿದ್ದರ ತಮ್ಮನೋ, ಭಾವನೋ, ಹೇಳು," ಅನ್ನುತ್ತಿದ್ದರು. ನೇರವಾಗಿ ನಿಂತದ್ದು ಸೆಪುಕಲ್. ಬಳುಕಿ, ನಡುವೆ ಮೀನಿನ ಬೆನ್ನುಮೂಳೆಯ ಹಾಗೆ ಏಣು ಎದ್ದದ್ದು ಸೆಂಪೆನಾ. ಬಳುಕಿ, ಬುಡದಿಂದ ಒದ್ದೆ ಕೂದಲಿಗೆ ಬಾಚಣಿಗೆ ಎಳೆದ ಹಾಗೆ ಗೀರು ಗೀರಾದದ್ದು ಚೆರಿತಾ. ಹೀಗೆ ಒಂದೊಂದೂ ಅವಳ ಬೆರಳಿಗೆ ಪರಿಚಯವಾಗುತ್ತ ಹೋಯಿತು.

ಆಸ್ತಿ ತಾಯಿಯಿಂದ ಮಗಳಿಗೆ ಹೋಗುವ ಕುಲ ಅದು; ಆದರೂ ಕುಲದವರಲ್ಲಿ ಕೆಲವರು ಗೊಣಗಿದರು: ಹೆಣ್ಣುಹುಡುಗಿಗೆ ಯಾಕೆ ಇದು? "ಮನೆ ಹೆಣ್ಣಿಂದು, ಗದ್ದೆ ಹೆಣ್ಣಿಂದು, ತೋಟ ಹೆಣ್ಣಿಂದು," ಅಂದಿದ್ದರು ಅತೋಕ್. "ಕಪಾಟಿನೊಳಗಿನ ಕಬ್ಬಿಣ ಒಂದು ಮಾತ್ರ ಗಂಡಸಿಂದಾ? ಹೋಗ್ರೋ, ಕಾಫಿ ಆರ್ತದೆ."

ಆಗಲೇ ರಸ್ತೆಯಲ್ಲಿ ದುರಿಯನ್ ಹಣ್ಣಿನ ಲಾರಿಯೊಂದು ಬಂತು. ಮನೆಯ ಹಲಗೆಗಳು ನಡುಗಿದವು. ಒಳಗೆ, ಗಾಜಿನ ಕಪಾಟಿನಲ್ಲಿ, ಹಳದಿ ಬಟ್ಟೆಯ ಮೇಲೆ ಮಲಗಿದ್ದ ಮನೆತನದ ಕೆರಿಸ್ ಒರೆಯೊಳಗೇ ಅಲುಗಿತು. ಟಕ್ ಟಕ್ ಟಕ್.

"ನಿಲ್ಲಿ ಎಲ್ರೂ!" ಅಡುಗೆಮನೆಯಿಂದ ಮಕ್ ಲಾಂಗ್ ಕೂಗಿದಳು. ಸೌಟು ಹಿಡಿದೇ ಓಡಿಬಂದಳು. ಸೌಟಿನಿಂದ ಅರಿಶಿನದ ಸಾರು ಹಲಗೆಯ ಮೇಲೆ ತೊಟ್ಟಿಕ್ಕಿತು. "ಕೇಳಿಸ್ತಾ? ಇವತ್ತು ಯಾರೂ ಹೊರಗೆ ಕಾಲಿಡ್ಬೇಡಿ. ಕ್ವಾಲಾ ಪಿಲಾಗೆ ಹೋಗೋದು ಬೇಡ. ಬಸ್ಸು ಹೋದ್ರೆ ಹೋಗ್ಲಿ."

ಕೆರಿಸ್ ಒರೆಯೊಳಗೆ ತಾನಾಗಿ ಸದ್ದು ಮಾಡಿದರೆ ಮನೆಗೆ ಕೇಡು ಬರುತ್ತದೆ ಎಂಬುದು ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಈ ಮನೆಯ ಕೆರಿಸ್ ಎಂಟು ವರ್ಷದಿಂದ ಎಚ್ಚರಿಸುತ್ತಲೇ ಇತ್ತು. ಮಕ್ ಲಾಂಗ್ ಅದರ ಮಾತು ಮೀರಿದವಳಲ್ಲ. ಅದು ಬೇಡ ಅಂದದ್ದಕ್ಕೆ ಕೊಳ್ಳಬೇಕಿದ್ದ ಎಮ್ಮೆ ಕೊಳ್ಳಲಿಲ್ಲ. ಅದು ಬೇಡ ಅಂದದ್ದಕ್ಕೇ ಮಗಳು ಜುವಿತಾಳಿಗೆ ಬಂದ ಎರಡು ಸಂಬಂಧಗಳನ್ನು ಸಿಹಿ ಶರಬತ್ತು ಕುಡಿಸಿ ವಾಪಸ್ಸು ಕಳಿಸಿದ್ದಳು.

ಈಗ ಮೂರನೆಯದು ಬರುವುದಿತ್ತು.

ಅಂದು ಸಂಜೆ ಬಾವಿಕಟ್ಟೆಯಲ್ಲಿ ಜುವಿತಾ ಸಲ್ಬಿಯಾಳ ಬೆನ್ನಿಗೆ ಅಂಟಿ ನಿಂತಳು. "ಶುಕ್ರವಾರ ರುಸ್ದಿ ಕಡೆಯೋರು ಬರ್ತಾರೆ ಕಣೇ. ಅವತ್ತೇನಾದ್ರೂ ಆ ಕಬ್ಬಿಣ ಬಾಯಿ ಬಿಡ್ತೋ, ನಾನು ಅದನ್ನ ಬಾವಿಗೆ ಹಾಕ್ತೀನಿ."

"ಅಕ್ಕಾ, ಹಂಗನ್ಬೇಡ."

"ಮೊದಲ್ನೇ ಸಲ ಆ ಮೇಷ್ಟ್ರ ಕಡೆಯೋರು ಬಂದಾಗ ಸದ್ದು ಬಂತಲ್ಲ, ಯಾರು ಮಾಡ್ಸಿದ್ದು ಅಂದ್ಕೊಂಡೆ? ಕಪಾಟಿನ ಹಿಂದೆ ನಾನೇ ನಿಂತು ಹಿಮ್ಮಡೀಲಿ ಹಲಗೆ ಕುಟ್ಟಿದ್ದೆ. ಆ ಬಟ್ಟೆ ಅಂಗಡಿಯೋನು ಬಂದಾಗಲೂ ಅಷ್ಟೆ. ಅವನ ಮೀಸೆ ನೋಡಿದ್ಯಲ್ಲ?"

ಸಲ್ಬಿಯಾಳಿಗೆ ನಗು ತಡೆಯಲಾಗಲಿಲ್ಲ. ಕೊಡದ ನೀರು ಕಾಲ ಮೇಲೆ ಚೆಲ್ಲಿತು.

"ನಗು, ನಗು. ಈಗ ನಂಗೆ ಬೇಕಾದೋನು ಬರ್ತಿದಾನೆ. ಅದು ತಾನಾಗೇ ಕುಟ್ಕೊಂಡ್ರೆ ಅಮ್ಮನ್ನ ಯಾರು ನಿಲ್ಲಿಸ್ತಾರೆ? ಆ ಒರೆಯೊಳಗೆ ಒಂಚೂರು ಹತ್ತಿ ತುರುಕೇ. ಈ ಸಲ ತೊಳೆಯೋವಾಗ ಅತೋಕ್ ನಿನ್ನನ್ನೂ ಒಳಗೆ ಕರೀತಾರಂತಲ್ಲ."

ರುಸ್ದಿ ಕ್ವಾಲಾ ಪಿಲಾ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನು. ಜುವಿತಾ ಕೆಟ್ಟಿರದ ರೇಡಿಯೋವನ್ನು ಅವನ ಅಂಗಡಿಗೆ ಹೊತ್ತುಕೊಂಡು ಹೋಗಿದ್ದು ಎಷ್ಟು ಸಲ ಎಂದು ಸಲ್ಬಿಯಾಳಿಗೆ ಮಾತ್ರ ಗೊತ್ತಿತ್ತು. ಅವನ ಮನೆಯವರು ಹೊಸಬರೇನಲ್ಲ. ಎಂಟು ವರ್ಷದ ಹಿಂದೆ ಮಕ್ ಲಾಂಗ್‌ಳ ಕಿರಿಯ ತಂಗಿಯನ್ನು ಅದೇ ಮನೆಯವನೊಬ್ಬ ಮದುವೆಯಾಗಿದ್ದ. ಆ ದಂಪತಿ ಹೊಸ ಜಮೀನು ಸಿಕ್ಕಿ ಪಹಾಂಗ್ ಕಡೆಗೆ ಹೋಗಿದ್ದರು. ಈಗ ಮತ್ತೆ ಅದೇ ಕ್ರಮ. ನಿಶ್ಚಯದ ದಿನ ಎರಡೂ ಮನೆಯವರು ತಮ್ಮ ತಮ್ಮ ಕೆರಿಸ್ ತಂದು ಗುರುತಿಗೆಂದು ಅದಲು ಬದಲು ಮಾಡಿಕೊಳ್ಳುತ್ತಾರೆ. ಹಿರಿಯರು ಎದುರು ಮನೆಯಿಂದ ಬಂದ ಅಲಗನ್ನು ಒರೆಯಿಂದ ತೆಗೆದು, ಇದು ಇಂಥ ಜಾತಿಯದು, ಇಷ್ಟು ಬಳುಕಿನದು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಮದುವೆಯಾದ ಮೇಲೆ ಅವರವರದು ಅವರವರಿಗೆ ವಾಪಸ್ಸು. ಈ ಮನೆಯ ಕಡೆಯಿಂದ ಅಲಗಿನ ಹೆಸರು ಹೇಳುವವರು ಅತೋಕ್. ಬೇರೆ ಯಾವ ಕೆಲಸಕ್ಕೂ ಅವರನ್ನು ಈಗ ಯಾರೂ ಕರೆಯುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಕೆರಿಸ್ ತೊಳೆಯಲು ಕೂತರು. ಇಷ್ಟು ವರ್ಷವೂ ಅತೋಕ್ ಬಾಗಿಲು ಹಾಕಿಕೊಂಡು ಒಬ್ಬರೇ ಆ ಕೆಲಸ ಮಾಡುತ್ತಿದ್ದರು. ಮೊದಲ ಸಲ ಸಲ್ಬಿಯಾಳನ್ನು ಒಳಗೆ ಕರೆದಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಹೋಳು ಮಾಡಿದ ನಿಂಬೆಹಣ್ಣು, ಮಡಕೆ ಚೂರಿನಲ್ಲಿ ಕೆಂಡ, ಸಾಂಬ್ರಾಣಿ. ಅತೋಕ್ ಒರೆಯನ್ನು ಹಣೆಗೆ ಮುಟ್ಟಿಸಿ, ಅಲಗನ್ನು ಎಳೆಯದೆ ಒರೆಯನ್ನೇ ಮೆಲ್ಲಗೆ ಹಿಂದಕ್ಕೆ ಜಾರಿಸಿದರು. ಕಣ್ಣು ಗೋಡೆಯ ಕಡೆಗಿತ್ತು. ಬಾಯಿ ಮಾತ್ರ ಎಂದಿನ ಪಾಠ ಒಪ್ಪಿಸುತ್ತಿತ್ತು.

"ನಮ್ಮ ಮನೇದು ಸೆಂಪೆನಾ. ಬಳುಕು ಒಂಬತ್ತು. ನಡುವೆ ಏಣು. ಆನೆಸೊಂಡಿಲ ತುದಿ ಮುರಿದಿದೆ. ಯಾಕೆ ಮುರೀತು?"

"ಮುತ್ತಜ್ಜಿ ಅದರಲ್ಲಿ ಅಡಿಕೆ ಒಡೆಯೋಕೆ ಹೋಗಿ."

"ಶಹಬ್ಬಾಸ್. ರಾಜರ ಕಾಲದ ಕಬ್ಬಿಣ. ಹಲ್ಲಿಲ್ಲದ ಮುದುಕಿ ಕೈಗೆ ಸಿಕ್ಕಿ ಅಡಕತ್ತರಿ ಆಯ್ತು. ತಗೋ, ನಿಂಬೆ ತಿಕ್ಕು."

ಸಲ್ಬಿಯಾ ಅಲಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಿಟಕಿಯ ಬೆಳಕು ಅದರ ಮೇಲೆ ಬಿತ್ತು. ಬುಡದಿಂದ ಎಣಿಸಿದಳು, ಒಂಬತ್ತು, ಸರಿ. ಆದರೆ ಏಣಿರಬೇಕಾದ ಕಡೆ ಏಣಿರಲಿಲ್ಲ. ಬುಡದಿಂದ ಸಣ್ಣ ಸಣ್ಣ ಗೀರುಗಳು ಒತ್ತೊತ್ತಾಗಿ ಹೊರಟಿದ್ದವು, ಒದ್ದೆ ಕೂದಲಿಗೆ ಬಾಚಣಿಗೆ ಎಳೆದ ಹಾಗೆ. ಸೊಂಡಿಲು ತುದಿಯವರೆಗೂ ಮುರಿಯದೆ ಇಡಿಯಾಗಿತ್ತು.

ಅವಳು ನಿಂಬೆ ಹೋಳನ್ನು ಹಾಗೇ ಹಿಡಿದು ಕೂತಳು. ತಾನು ಕಲಿತದ್ದೇ ತಪ್ಪೇನೋ ಅನಿಸಿತು ಮೊದಲು. ಶಾಲೆಯಲ್ಲೂ ಹಾಗೇ ಆಗುತ್ತಿತ್ತು; ಉತ್ತರ ಗೊತ್ತಿದ್ದೂ ಟೀಚರು ತನ್ನ ಕಡೆ ನೋಡಿದ ಕೂಡಲೇ ಅದು ತಪ್ಪಿರಬೇಕು ಅನಿಸುತ್ತಿತ್ತು.

"ಅತೋಕ್," ಅಂದಳು ತಡೆದು ತಡೆದು. "ಮುರಿದ ಸೊಂಡಿಲು ಮತ್ತೆ ಬೆಳೀತದಾ?"

"ಹಲ್ಲಿ ಬಾಲವೇನೇ ಅದು?" ಅಂದು ನಕ್ಕವರು ಕೈ ಚಾಚಿದರು. ಅವಳು ಅಲಗನ್ನು ಕೊಟ್ಟಳು. ಅವರ ಹೆಬ್ಬೆರಳು ಬುಡದ ಮೇಲೆ ಹರಿದು, ಸೊಂಡಿಲನ್ನು ಹತ್ತಿ, ತುದಿಯಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು. ಸಾಂಬ್ರಾಣಿಯ ಹೊಗೆ ಅವರ ಮುಖಕ್ಕೇ ಬರುತ್ತಿತ್ತು. ಅವರು ಕಣ್ಣು ಮಿಟುಕಿಸಲಿಲ್ಲ. ಹತ್ತಿರದಿಂದ ಆ ಕಣ್ಣುಗಳ ನಡುವೆ ಅನ್ನದ ಗಂಜಿಯ ಬಣ್ಣದ ಬಿಳಿ ಕಂಡಿತು.

"ಎಣ್ಣೆ ಹಚ್ಚಿ ಒರೆಗೆ ಹಾಕು," ಅಂದರು ಕೊನೆಗೆ. ಅಲಗನ್ನು ಅವಳ ಕೈಗೆ ಕೊಡುತ್ತ, "ಮಕ್ ಲಾಂಗ್ ಮುಂದೆ ಇದನ್ನೆಲ್ಲ ಕೇಳ್ಬೇಡ. ಅವಳಿಗೆ ಗೊತ್ತಾದ್ರೆ ಒಂದು ಕನ್ನಡಕ ಹಾಕ್ಸಿ, ಕೈಗೊಂದು ರೇಡಿಯೋ ಕೊಟ್ಟು, ಮೂಲೇಲಿ ಕೂರಿಸ್ತಾಳೆ."

ಅವಳು ಎಣ್ಣೆ ಹಚ್ಚಿದಳು. ಅಲಗು ಒರೆಯೊಳಗೆ ಬಾವಿಗೆ ಬಿಟ್ಟ ಬಿಂದಿಗೆಯಂತೆ ಸಲೀಸಾಗಿ ಇಳಿಯಿತು; ಎತ್ತಿದರೆ ಟಕ್ ಅಂದಿತು. ಹತ್ತಿ ತುರುಕಲು ಅವಳ ಕೈ ಬರಲಿಲ್ಲ. ಆ ರಾತ್ರಿ ಜುವಿತಾ "ತುರುಕಿದ್ಯಾ?" ಅಂದಾಗ ಹೊದಿಕೆ ಎಳೆದುಕೊಂಡು ನಿದ್ದೆ ಬಂದವಳಂತೆ ಮಲಗಿದಳು.

ಶುಕ್ರವಾರದ ನಮಾಜು ಮುಗಿಸಿ ರುಸ್ದಿಯ ಕಡೆಯವರು ಬಂದರು. ಮುಂದೆ ಅವನ ಸೋದರಮಾವ ಪಾಕ್ ತಾಲಿಬ್, ಕರಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಹಿಂದೆ ಅವನ ಅಜ್ಜಿ ವಾನ್ ಸಾನಾ, ಪ್ರತಿ ಮೆಟ್ಟಿಲಿಗೂ ನಿಂತು ಮನೆಯವರ ಕ್ಷೇಮ ಕೇಳುತ್ತ ಹತ್ತಿದಳು. ಜಗುಲಿಯ ಚಾಪೆಯ ಮೇಲೆ ಎರಡು ಕಡೆಯವರೂ ಎದುರು ಬದುರು ಕೂತರು. ನಡುವೆ ಎಲೆಯಡಿಕೆ ತಟ್ಟೆಗಳು, ಬಿದಿರಿನಲ್ಲಿ ಬೇಯಿಸಿದ ಅನ್ನ, ಮಾಂಸದ ರೆಂದಾಂಗ್. ಪರದೆಯ ಹಿಂದೆ ಜುವಿತಾ ಮತ್ತು ಸಲ್ಬಿಯಾ ಒಂದೇ ತೂತಿಗೆ ಒಂದೊಂದು ಕಣ್ಣಿಟ್ಟು ನಿಂತರು.

ಪಾಕ್ ತಾಲಿಬ್ ತಮ್ಮ ಕೆರಿಸ್ ಇದ್ದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಒರೆಗೆ ಹಳದಿ ಬಟ್ಟೆ ಸುತ್ತಿತ್ತು. "ನೋಡಿ ಅತೋಕ್, ಮೊದಲೇ ಹೇಳ್ಬಿಡ್ತೀನಿ. ನಮ್ಮ ಮನೇದು ಸುಮ್ಮಸುಮ್ಮನೆ ಹೊರಗೆ ಬರೋದಲ್ಲ. ಎಂಟು ವರ್ಷದಿಂದ ಯಾರಿಗೂ ಮುಖ ತೋರ್ಸಿಲ್ಲ. ಅಷ್ಟು ಬಲ ಅದಕ್ಕೆ."

"ಮದುವೆ ಮನೇಲಿ ಮುಖ ತೋರಿಸ್ದೆ ಇರೋಕೆ ಅದೇನು ಮದುವಣಗಿತ್ತಿಯಾ?" ಅಂದರು ಅತೋಕ್. ಎಲ್ಲರೂ ನಕ್ಕರು. ಅವರು ಧೈರ್ಯವಾಗಿದ್ದರು. ಆ ಮನೆಯದು ಒಂಬತ್ತು ಬಳುಕಿನ ಚೆರಿತಾ ಎಂಬುದು ಹಳೇ ಮದುವೆಯಿಂದ ಅವರಿಗೆ ನೆನಪಿತ್ತು. ತೆಗೆದು, ಒಂದು ಸಲ ಎತ್ತಿ ಹಿಡಿದು, ಹೇಳಿಬಿಟ್ಟರೆ ಮುಗಿಯಿತು.

ಕೆರಿಸನ್ನು ಹಣೆಗೆ ಮುಟ್ಟಿಸಿ ಒರೆಯನ್ನು ಜಾರಿಸಿದರು. ಜಾರಲಿಲ್ಲ. ಇನ್ನೊಂದು ಸಲ ನೋಡಿದರು. ಕತ್ತಿನ ನರ ಉಬ್ಬಿತು. "ನಾ ಹೇಳ್ಲಿಲ್ವಾ!" ಅಂದರು ಪಾಕ್ ತಾಲಿಬ್ ಹೆಮ್ಮೆಯಿಂದ, ಆಮೇಲೆ ತಾವೂ ಒರೆಯ ತುದಿ ಹಿಡಿದರು. ಅತೋಕ್ ಹಿಡಿ ಎಳೆದರು, ತಾಲಿಬ್ ಒರೆ ಎಳೆದರು. ಟೋಪಿ ಜಾರಿತು. ತಾಲಿಬರ ಮಗಳ ಗಂಡ ಬಂದು ತಾಲಿಬರ ಸೊಂಟ ಹಿಡಿದ. ಹಗ್ಗಜಗ್ಗಾಟದ ಹಾಗೆ ಮೂವರೂ ಹಿಂದೆ ಮುಂದೆ ಆಡಿದರು, ಹಲಗೆಗಳು ಕಿರುಗುಟ್ಟಿದವು, ಅಡಿಕೆ ಹೋಳುಗಳು ತಟ್ಟೆಯಿಂದ ಉರುಳಿ ವಾನ್ ಸಾನಾಳ ಮಡಿಲಿಗೆ ಬಂದವು. ಆ ನಡುಕಕ್ಕೆ ಇತ್ತ ಕಡೆಯ ತಟ್ಟೆಯಲ್ಲಿದ್ದ ಮನೆಯ ಕೆರಿಸ್ ಬಾಯಿ ಬಿಟ್ಟಿತು.

ಟಕ್ ಟಕ್ ಟಕ್ ಟಕ್.

ಎಳೆಯುತ್ತಿದ್ದವರು ಹಾಗೇ ನಿಂತರು. ಮಕ್ ಲಾಂಗ್ ಮುಖದ ಮೇಲಿನ ನಗು ಕಡಿಮೆ ಮಾಡಿದ ದೀಪದಂತೆ ಇಳಿಯಿತು.

"ಒಂದು ಬರಲ್ಲ ಅಂತಿದೆ," ಅಂದಳು, "ಇನ್ನೊಂದು ಬೇಡ ಅಂತಿದೆ. ತಾಲಿಬಣ್ಣ, ತಪ್ಪು ತಿಳ್ಕೋಬೇಡಿ. ಊಟ ಮಾಡ್ಕೊಂಡು ಹೋಗಿ. ಈ ಮಾತನ್ನ ಇನ್ಯಾವಾಗಲಾದ್ರೂ..."

ಜುವಿತಾ ಸಲ್ಬಿಯಾಳ ತೋಳಿಗೆ ಉಗುರು ಒತ್ತಿದಳು. ತಮಾಷೆ ಮಾಡುವವಳ ಕಣ್ಣಲ್ಲಿ ನೀರು ನಿಂತಿತ್ತು. "ಹತ್ತಿ ತುರುಕು ಅಂದ್ರೆ ಕೇಳ್ಲಿಲ್ಲ ನೀನು," ಅಂದಳು ಪಿಸುದನಿಯಲ್ಲಿ.

ಸಲ್ಬಿಯಾ ತೂತಿನಿಂದ ನೋಡುತ್ತಲೇ ಇದ್ದಳು. ಒಂದು ಒರೆಯಲ್ಲಿ ಅಲಗಿಗೆ ಜಾಗ ಹೆಚ್ಚು. ಇನ್ನೊಂದರಲ್ಲಿ ಕಡಿಮೆ. ಗೀರಿನ ಅಲಗು ತೆಳು, ಏಣಿನ ಅಲಗು ದಪ್ಪ. ಹಳೇ ಮದುವೆ ಮುಗಿದ ದಿನ ಎರಡೂ ಮನೆಯ ಕೆರಿಸ್‌ಗಳನ್ನು ಇದೇ ಮನೆಯ ಹಿಂದಿನ ಕೋಣೆಯಲ್ಲಿ, ಒಂದೇ ತಟ್ಟೆಯಲ್ಲಿ ಅತೋಕ್ ತೊಳೆದಿದ್ದರಂತೆ. ಮಕ್ ಲಾಂಗ್ ಎಷ್ಟೋ ಸಲ ಹೇಳಿದ್ದ ಮಾತು. ಎಂಟು ವರ್ಷ. ಆಗಲೇ ಕಣ್ಣು ಮಂಜಾಗಿತ್ತೇನೋ. ಅತೋಕ್ ಈಗ ತಲೆ ತಗ್ಗಿಸಿ ತಮ್ಮ ಮನೆಯ ಒರೆಯ ಮೇಲೆ ಕೈಯಿಟ್ಟು ಕೂತಿದ್ದರು. ಅವರಿಗೂ ಗೊತ್ತಾಗಿತ್ತು. ನಿನ್ನೆಯೇ ಗೊತ್ತಾಗಿತ್ತು; ಬಹುಶಃ ಅದಕ್ಕೂ ಮೊದಲೇ.

ಹೇಳಿದರೆ ಅತೋಕ್ ಕಣ್ಣಿನ ವಿಷಯ ಇಷ್ಟು ಜನರ ಮುಂದೆ ಬೀಳುತ್ತದೆ. ಹೇಳದಿದ್ದರೆ ರುಸ್ದಿಯ ಕಡೆಯವರು ಊಟ ಮಾಡಿ ಹೋಗುತ್ತಾರೆ.

ಅವಳು ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆಯ ಶೀಶೆ ತಂದಳು. ಪರದೆ ಸರಿಸಿ, ಮಂಡಿಯೂರಿ ಚಾಪೆಯ ಮೇಲೆ ಅತೋಕ್ ಪಕ್ಕಕ್ಕೆ ಸರಿದಳು. ಇಷ್ಟೂ ಜನರ ಕಣ್ಣು ತನ್ನ ಬೆನ್ನ ಮೇಲೆ ಬಿಸಿಲಿನಂತೆ ಬಿದ್ದದ್ದು ಗೊತ್ತಾಯಿತು.

"ಇದ್ಯಾರು?" ಅಂದಳು ವಾನ್ ಸಾನಾ. "ಈ ಮನೇಲಿ ಇನ್ನೊಂದು ಹುಡುಗಿ ಇದ್ದಾಳಾ? ಮಾತು ಬರ್ತದಾ ಇದಕ್ಕೆ?"

"ಬರ್ತದೆ," ಅಂದಳು ಸಲ್ಬಿಯಾ. ದನಿ ಕೀರಲಾಗಿ ಹೊರಟಿತು. ಎಲ್ಲರೂ ಕಾದರು. ಅವಳು ಶೀಶೆಯನ್ನೇ ನೋಡುತ್ತ ಅಂದಳು: "ಅದಕ್ಕೆ ಹಟ ಏನಿಲ್ಲ. ಅಂಗಿ ಬಿಗಿ, ಅಷ್ಟೆ."

ಪಾಕ್ ತಾಲಿಬ್ ಬಾಯಿ ತೆರೆದರು. "ಏನಂದೆ? ನಮ್ಮ ಕೆರಿಸ್‌ಗೆ ಅಂಗಿ..."

"ಎಣ್ಣೆ ಹಾಕು," ಅಂದರು ಅತೋಕ್. ದನಿ ಬಹಳ ಮೆತ್ತಗಿತ್ತು. ಅವಳು ಅವರ ಮುಖ ನೋಡಿದಳು. ಅವರು ಬೇಡ ಅನ್ನಲಿಲ್ಲ.

ಒರೆಯ ಬಾಯಿಗೆ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕಾದು, ಅವಳು ಒರೆಯ ತುದಿಯನ್ನು ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತ ಹೋದಳು, ಮಗುವಿನ ಬೆನ್ನು ತಟ್ಟಿದ ಹಾಗೆ. ಬುಡದಲ್ಲಿ ಏನೋ ಸಡಿಲವಾಯಿತು. ಒರೆ ಒಂದಂಗುಲ ಸರಿಯಿತು. ಆಮೇಲೆ ಉಳಿದದ್ದೂ ಸರಿದು, ತುಕ್ಕಿನ ಕೆಂಪು ನೀರು ಚಾಪೆಗೆ ತೊಟ್ಟಿಕ್ಕಿ, ಅಲಗು ಹೊರಬಂತು. ಜನ "ಓ" ಅಂದರು.

ಸಲ್ಬಿಯಾ ಅದನ್ನು ಅತೋಕ್ ಕೈಗಿತ್ತಳು. ಅವರ ಹೆಬ್ಬೆರಳು ಸೊಂಡಿಲನ್ನು ಹತ್ತಿತು. ಅರ್ಧಕ್ಕೇ ಜಾರಿ ಬಿತ್ತು. ಮುರಿದ ಕಡೆ ಮತ್ತೆ ಮತ್ತೆ ಸವರಿದರು. ಆಮೇಲೆ ನಕ್ಕರು.

ಅಲಗನ್ನು ವಾಪಸ್ಸು ಅವಳ ಕಡೆಗೆ ಚಾಚಿದರು. "ನೀನೇ ಹೇಳು. ಗಟ್ಟಿಯಾಗಿ ಹೇಳು, ಎರಡು ಕಡೆಯೋರಿಗೂ ಕೇಳ್ಬೇಕು. ನಂಗೆ ಕಾಣ್ಸಲ್ಲ."

ಮಕ್ ಲಾಂಗ್ ತಲೆಯೆತ್ತಿದಳು. "ಕಾಣ್ಸಲ್ಲ ಅಂದ್ರೆ?"

"ಕಾಣ್ಸಲ್ಲ ಅಂದ್ರೆ ಕಾಣ್ಸಲ್ಲ ಹೆಂದೋನ್. ನಿನ್ನ ಮುಖವೂ ಕಾಣ್ಸಲ್ಲ. ಅದಕ್ಕೇ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಹೇಳು ಮಗಳೇ."

ಜಗುಲಿಯ ನಗು ನಿಲ್ಲುವವರೆಗೆ ಸಲ್ಬಿಯಾಳಿಗೆ ಉಸಿರು ಹಿಡಿದುಕೊಳ್ಳಲು ಸಮಯ ಸಿಕ್ಕಿತು. ಅಲಗನ್ನು ಬೆಳಕಿಗೆ ಹಿಡಿದಳು. ಬುಡದಿಂದ ಶುರು ಮಾಡಿದಳು. "ಸೆಂಪೆನಾ. ಬಳುಕು ಒಂಬತ್ತು. ನಡುವೆ ಏಣು." ಒಂದೊಂದು ಮಾತಿಗೂ ದನಿ ತಾನಾಗಿ ದಪ್ಪವಾಗುತ್ತಿತ್ತು. "ಆನೆಸೊಂಡಿಲ ತುದಿ ಮುರಿದಿದೆ. ಮುತ್ತಜ್ಜಿ ಅಡಿಕೆ ಒಡೆಯೋಕೆ ಹೋಗಿ ಮುರಿದದ್ದು."

"ಯಾರ ಮುತ್ತಜ್ಜಿ?" ಅಂದರು ಪಾಕ್ ತಾಲಿಬ್.

"ನಮ್ಮ ಮುತ್ತಜ್ಜಿ!" ಮಕ್ ಲಾಂಗ್ ಎದ್ದೇಬಿಟ್ಟಳು. "ಅದು ನಮ್ಮದು! ನಮ್ಮ ಮನೆ ಕೆರಿಸ್ ನಿಮ್ಮ ಒರೆಯೊಳಗೆ ಹೆಂಗೆ ಹೋಯ್ತು?"

"ಹಂಗಾದ್ರೆ ನಮ್ಮದೆಲ್ಲಿ?"

ಸಲ್ಬಿಯಾ ಆಗಲೇ ಇನ್ನೊಂದು ಒರೆಯನ್ನು ಜಾರಿಸಿದ್ದಳು. ಅದು ಕೇಳುವ ಮೊದಲೇ ಹೊರಬಂತು. ವಾನ್ ಸಾನಾ ಮಡಿಲ ಅಡಿಕೆ ಹೋಳುಗಳನ್ನು ಕೊಡವಿ ಮುಂದಕ್ಕೆ ಬಾಗಿದಳು. ಬುಡದಿಂದ ಹೊರಟ ಗೀರುಗಳ ಮೇಲೆ ಬೆರಳಾಡಿಸಿದಳು. "ಇದು ನಮ್ಮಪ್ಪ ಸೊಂಟಕ್ಕೆ ಸಿಕ್ಕಿಸ್ಕೊಳ್ತಿದ್ದದ್ದು," ಅಂದಳು. "ತಾಲಿಬ್, ಎಂಟು ವರ್ಷದಿಂದ ನೀನು ಯಾರದೋ ಕೆರಿಸ್‌ಗೆ ಸಾಂಬ್ರಾಣಿ ಹಾಕಿದ್ಯಲ್ಲೋ!"

"ಬಲ ಬಲ ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ," ಅಂದ ಸೊಂಟ ಹಿಡಿದಿದ್ದ ಅಳಿಯ. ತಾಲಿಬ್ ಅವನ ಕಡೆ ಕೆಕ್ಕರಿಸಿ ನೋಡಿದರು.

"ತಪ್ಪು ನಂದು," ಅಂದರು ಅತೋಕ್. "ಅವತ್ತು ಹಿಡಿ ಬಿಚ್ಚಿ ಎರಡನ್ನೂ ಒಟ್ಟಿಗೆ ಸ್ನಾನ ಮಾಡ್ಸಿ, ಅವಳಿಜವಳಿ ಮಕ್ಕಳಿಗೆ ಅಂಗಿ ಅದಲು ಬದಲು ಹಾಕಿದ ಹಂಗೆ ಹಾಕ್ಬಿಟ್ಟೆ. ಒಂದು ಬಿಗಿ ಆಯ್ತು, ತೇವಕ್ಕೆ ಉಬ್ಬಿದೆ ಅಂತ ಗುದ್ದಿ ಒಳಗೆ ಕಳಿಸ್ದೆ."

ಮಕ್ ಲಾಂಗ್ ನಿಂತೇ ಇದ್ದಳು. ಕೊಳ್ಳದೆ ಬಿಟ್ಟ ಎಮ್ಮೆ, ಹತ್ತದೆ ಬಿಟ್ಟ ಬಸ್ಸುಗಳು, ಎಲ್ಲವೂ ಅವಳ ಮುಖದ ಮೇಲೆ ಒಂದೊಂದಾಗಿ ಹಾದು ಹೋಗುತ್ತಿರುವಂತೆ ಸಲ್ಬಿಯಾಳಿಗೆ ಕಂಡಿತು.

"ಒಂದು ನಿಮಿಷ," ಅಂದಳು ವಾನ್ ಸಾನಾ, ನಿಧಾನವಾಗಿ. "ನಿಮ್ಮದು ನಮ್ಮನೇಲಿತ್ತು. ನಮ್ಮದು ನಿಮ್ಮನೇಲಿತ್ತು. ಗುರುತು ಅದಲು ಬದಲಾಗಿ ಎಂಟು ವರ್ಷ ಆಯ್ತು. ಅಂದ್ರೆ ನಿಶ್ಚಯ ಅವತ್ತೇ ಆಗ್ಬಿಟ್ಟಿದೆ. ಹೆಂದೋನ್, ಇಷ್ಟು ವರ್ಷ ಹುಡುಗಿನ ಮನೇಲಿ ಇಟ್ಕೊಂಡು ಏನು ಮಾಡ್ತಿದ್ದೆ? ಮದುವೆ ದಿನ ಹೇಳು."

ಪರದೆಯ ಹಿಂದಿನಿಂದ ಕಿಲಕಿಲ ಸದ್ದು ಬಂತು. ಪಾಕ್ ತಾಲಿಬ್ ಮೊದಲು ನಕ್ಕರು, ತಮ್ಮ ತೊಡೆಗೆ ತಾವೇ ಬಡಿದುಕೊಂಡು. ಆಮೇಲೆ ಮಕ್ ಲಾಂಗ್ ಕೂತಳು. ಕೂತವಳು ಸೆರಗಿನಿಂದ ಬಾಯಿ ಮುಚ್ಚಿದಳು. ಅವಳ ಭುಜ ಕುಲುಕುವುದು ಕಂಡಿತು. ರೆಂದಾಂಗ್ ಆರುವುದಕ್ಕೆ ಮೊದಲು ತಿಂಗಳೂ ದಿನವೂ ಗೊತ್ತಾಯಿತು.

ಅಲಗುಗಳಿಗೆ ಅವವುಗಳ ಹಿಡಿ, ಒರೆ ಹಾಕಿದ್ದು ಸಲ್ಬಿಯಾ. ಎರಡೂ ಒಳ್ಳೆ ಪೆಟ್ಟಿಗೆಯ ಮುಚ್ಚಳದ ಹಾಗೆ ಮೆತ್ತಗೆ ಕೂತವು. ಆಮೇಲೆ ಕ್ರಮದಂತೆ ಮತ್ತೆ ಬದಲಾಯಿಸಿಕೊಂಡರು. ಈ ಮನೆಯದು ಅವರ ತಟ್ಟೆಯಲ್ಲಿ ಹೋಯಿತು, ಅವರದು ಈ ಕಪಾಟಿಗೆ ಬಂತು. ಮೆಟ್ಟಿಲಿಳಿಯುವಾಗ ವಾನ್ ಸಾನಾ ಹಿಂದಿರುಗಿ, "ಮದುವೆ ದಿನ ಹೆಸರು ಹೇಳೋಕೆ ಈ ಮೂಕಿನೇ ಕೂರಿಸಿ," ಅಂದಳು. ಅತೋಕ್ ಎಲ್ಲರ ಎದುರಿಗೇ ಸಲ್ಬಿಯಾಳ ಭುಜ ಹಿಡಿದುಕೊಂಡು ಅವರನ್ನು ಗೇಟಿನವರೆಗೆ ಕಳಿಸಿ ಬಂದರು.

ಮಾರನೇ ದಿನ ಮಕ್ ಲಾಂಗ್ ಸೆರೆಂಬಾನಿನ ಕಣ್ಣಾಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು ವಿಚಾರಿಸುತ್ತ, ತೆಂಗಿನ ಹಾಲಿನ ಸಾರು ಕದಡುತ್ತಿದ್ದಳು. ಜುವಿತಾ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮೆಟ್ಟಿಲ ಮೇಲೆ ಸಲ್ಬಿಯಾ ಹೊಸ ಬಾಳೆದಂಟಿಗೆ ಚಾಕು ಹಾಕಿದ್ದಳು. ಪಕ್ಕದಲ್ಲಿ ಅತೋಕ್ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ರಸ್ತೆಯ ತಿರುವಿನಲ್ಲಿ ದುರಿಯನ್ ಲಾರಿಯ ಸದ್ದು ಕೇಳಿಸಿತು.

ಮಕ್ ಲಾಂಗ್‌ಳ ಸೌಟು ನಿಂತಿತು. ಸಲ್ಬಿಯಾಳ ಚಾಕುವೂ ನಿಂತಿತು. ಲಾರಿ ಹತ್ತಿರ ಬಂತು, ಮನೆಯ ಮುಂದೆ 'ಧಡ್' ಎಂದು ಒಂದು ಗುಂಡಿ ಇಳಿದು ಹತ್ತಿ, ಮುಂದೆ ಹೋಯಿತು. ಹಲಗೆಗಳು ನಡುಗಿದವು. ಕಪಾಟಿನ ಗಾಜು ಜುಮ್ಮೆಂದು ಸುಮ್ಮನಾಯಿತು. ಜುವಿತಾ ತಡೆಯಲಾರದೆ ಹಿಮ್ಮಡಿಯಿಂದ ಹಲಗೆಯನ್ನು ಒಂದು ಸಲ ಕುಟ್ಟಿದಳು.

ಕಪಾಟಿನಿಂದ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೌಟು ಮತ್ತೆ ಪಾತ್ರೆಯ ಅಂಚಿಗೆ ತಾಗುತ್ತ ತಿರುಗತೊಡಗಿತು.

"ಎಷ್ಟು ಬಂತು?" ಅಂದರು ಅತೋಕ್, ಅಂಗೈ ಚಾಚಿ.

ಸಲ್ಬಿಯಾ ದಂಟನ್ನು ಆ ಅಂಗೈಯಲ್ಲಿಟ್ಟಳು. ಅವರ ಹೆಬ್ಬೆರಳು ಬುಡದಲ್ಲಿ, ಸೊಂಡಿಲ ಪಕ್ಕದಲ್ಲಿ ಅಡಗಿದ್ದ ಮೊದಲ ಬಳುಕನ್ನು ಹುಡುಕಿಕೊಂಡು, ನಿಧಾನವಾಗಿ ತುದಿಯ ಕಡೆಗೆ ಹೊರಟಿತು. ಮೆಟ್ಟಿಲ ಕೆಳಗೆ ಆಡು ಕತ್ತು ಚಾಚಿ ಕಾಯುತ್ತಿತ್ತು.